ಹಳೆ ಸ್ಪ್ಲೆಂಡರ್ ಎಂಜಿನ್ ಹಾಕಿ ಮಗ ಗೋ-ಕಾರ್ಟ್ ಕಟ್ಟುತ್ತೇನೆ ಅನ್ನುತ್ತಾನೆ: ಹೂಂ ಅನ್ನುವ ಮೊದಲು ಏನೇನು ನೋಡಬೇಕು?

ನಿಗಡಿ ಧಾರವಾಡ

ಎಲ್ಲರಿಗೂ ನಮಸ್ಕಾರ. ನಾವು ಮೂಲ ಧಾರವಾಡದವರು, ಈಗ ಪುಣೆ ಹತ್ತಿರದ ನಿಗಡಿ ಪ್ರಾಧಿಕರಣದಲ್ಲಿದ್ದೇವೆ. ಮಗನಿಗೆ ಹದಿನಾರು ವರ್ಷ, ಹನ್ನೊಂದನೇ ಕ್ಲಾಸು. ನಮ್ಮ ಭಾವನವರ ಹೀರೋ ಹೊಂಡಾ ಸ್ಪ್ಲೆಂಡರ್ ಒಂದು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತುಬಿಟ್ಟಿದೆ. ಟೆಂಪೊ ಗುದ್ದಿ ಅದರ ಮುಂದಿನ ಫೋರ್ಕ್ ಮತ್ತು ಚಾಸಿ ಎರಡೂ ಸೊಟ್ಟಗಾಗಿವೆ. ದೇವರ ದಯೆ, ಭಾವನವರಿಗೆ ಹೆಚ್ಚೇನೂ ಆಗಲಿಲ್ಲ. ಆದರೆ ಅವರು ಮತ್ತೆ ಆ ಗಾಡಿ ಮುಟ್ಟಲಿಲ್ಲ. ಎಂಜಿನ್ ಮಾತ್ರ ಗಟ್ಟಿಯಾಗಿದೆ, ಕಿಕ್ ಹೊಡೆದರೆ ಈಗಲೂ ಶುರುವಾಗುತ್ತದೆ. ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಕೊಡೋಣ ಅಂತ ಮಾತಾಡುತ್ತಿದ್ದಾಗ ಮಗ ಅಡ್ಡ ನಿಂತ, ಎಂಜಿನ್ ನನಗೆ ಬೇಕು, ಗೋ-ಕಾರ್ಟ್ (ನೆಲಕ್ಕೆ ತಾಗಿದಂತಿರುವ ನಾಲ್ಕು ಚಕ್ರದ ಪುಟ್ಟ ರೇಸ್ ಗಾಡಿ) ಕಟ್ಟುತ್ತೇನೆ ಅಂದ.

ಅವನ ಯೋಜನೆ ಒಂದು ನೋಟ್‌ಬುಕ್ ತುಂಬ ಇದೆ, ಪೂರ್ತಿ ಓದಿದ್ದೇನೆ. ಸೊಸೈಟಿಯ ನೀರಿನ ಲೈನ್ ಬದಲಿಸಿದಾಗ ಉಳಿದ ಒಂದು ಇಂಚಿನ ಜಿಐ ಪೈಪಿನಿಂದ ಚಾಸಿ. ಹಳೆ ಸಾಮಾನು ಮಾರುವ ಜುನಾ ಬಜಾರಿನಿಂದ ಹಳೆ ಚೇತಕ್ ಸ್ಕೂಟರಿನ ಚಕ್ರಗಳು. ಸ್ಟೇರಿಂಗ್ ಮಾರುತಿ 800ದ್ದು. ಬ್ರೇಕಿಗೆ ಪಲ್ಸರ್‌ನ ಮುಂದಿನ ಡಿಸ್ಕ್. ಎಂಜಿನ್ ಸೀಟಿನ ಹಿಂದೆ. ಓಡಿಸಲು ಜಾಗ ಇದೆ: ತಳೆಗಾಂವ್ ಹತ್ತಿರ ನಾದಿನಿಯ ಮನೆಯವರ ಗೋದಾಮಿಗೆ ದೊಡ್ಡ ಕಾಂಕ್ರೀಟ್ ಅಂಗಳ, ಸುತ್ತ ಕಂಪೌಂಡ್, ಭಾನುವಾರ ಒಂದು ಲಾರಿಯೂ ಇರುವುದಿಲ್ಲ.

ಯಜಮಾನರು ಬೇಡವೇ ಬೇಡ ಅನ್ನುತ್ತಾರೆ. ನನಗೆ ಬೇಡ ಅನ್ನಲು ಮನಸ್ಸಾಗುತ್ತಿಲ್ಲ. ಯಾವ ವಿಷಯಕ್ಕೂ ಅವನು ಇಷ್ಟು ತಾಳ್ಮೆಯಿಂದ ಕೂತದ್ದನ್ನು ನಾನು ನೋಡಿಲ್ಲ. ಹಾಗಂತ ಕಣ್ಣು ಮುಚ್ಚಿಕೊಂಡು ಹೂಂ ಅನ್ನಲೂ ಆಗದು. ನಾನು ಅಕೌಂಟ್ಸ್ ವಿಭಾಗದವಳು, ಲೆಕ್ಕ ಬರುತ್ತದೆ, ಯಂತ್ರ ಬರುವುದಿಲ್ಲ. ಆದ್ದರಿಂದ ಹೇಳುವವರು ದಯವಿಟ್ಟು ಕಾರಣ ಸಮೇತ ಹೇಳಿ. ಈ ಎಂಜಿನ್ ಅವನ ವಯಸ್ಸಿಗೆ ಅತಿಯಾಯಿತೇ? ಎಷ್ಟು ಜೋರು ಓಡಬಹುದು? ಅವನ ಯೋಜನೆಯಲ್ಲಿ ಯಾವುದು ಅಪಾಯ? ಆರ್‌ಸಿ ಇನ್ನೂ ಭಾವನವರ ಹೆಸರಿನಲ್ಲೇ ಇದೆ, ಅದನ್ನೇನು ಮಾಡಬೇಕು?

ಪಿಂಪರಿ ಗ್ಯಾರೇಜ್

ಮೇಡಂ, ಸ್ಪ್ಲೆಂಡರ್ ಬೇಡ, ಆಕ್ಟಿವಾ ಎಂಜಿನ್ ಹುಡುಕಿ. ಗಿಯರ್ ಇಲ್ಲ, ಕ್ಲಚ್ ಇಲ್ಲ. ಎಕ್ಸಲೇಟರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಅದಕ್ಕೆ ತನ್ನದೇ ಫ್ಯಾನ್ ಇದೆ, ಸೀಟಿನ ಹಿಂದೆ ಗಾಳಿ ಇಲ್ಲದ ಕಡೆ ಇಟ್ಟರೂ ತಣ್ಣಗಿರುತ್ತದೆ. ಸ್ಪ್ಲೆಂಡರ್ ತಂಪಾಗುವುದು ಎದುರು ಗಾಳಿಯಿಂದ ಮಾತ್ರ. ನಾನಾ ಪೇಟೆಯಲ್ಲಿ ಎರಡಕ್ಕೂ ಸಾಮಾನು ಸಿಗುತ್ತದೆ, ಆ ಚಿಂತೆ ಇಲ್ಲ. ಹುಡುಗ ಹೊಸಬ, ಕೈಕಾಲಿಗೆ ಕೆಲಸ ಕಡಿಮೆ ಇದ್ದಷ್ಟೂ ಕಣ್ಣು ದಾರಿಯ ಮೇಲೆ ಇರುತ್ತದೆ.

ಭೋಸರಿ ಟರ್ನರ್

ಅಕ್ಕಾರ, ನಮಸ್ಕಾರ. ನಂದು ಬೈಲಹೊಂಗಲ ಕಡೆ, ಈಗ ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ) ಒಳಗ ಲೇತ್ ನಡಸ್ತೀನಿ. ಕಾಲೇಜ್ ಹುಡುಗರು ಬಾಹಾ (ಗುಡ್ಡಗಾಡಿನ್ಯಾಗ ಓಡೂ ಗಾಡಿ ಕಟ್ಟೂದು) ಸ್ಪರ್ಧಾಕ್ಕ, ಕಾರ್ಟ್ ಸ್ಪರ್ಧಾಕ್ಕ ಅಂತ ಡ್ರಾಯಿಂಗ್ ಹಿಡಕೊಂಡು ಬರ್ತಾರ, ಅವರಿಗೆ ಆಕ್ಸಲ್, ಹಬ್ ತಿರುವಿ ಕೊಡೂದು ನನ್ನ ಕೆಲಸ. ಆ ಕೆಲಸ ಮಾಡಿ ನೋಡಿದ್ದನ್ನ ಹೇಳ್ತೀನಿ.

ಎಂಜಿನ್ ಭಂಗಾರಕ್ಕ ಹಾಕಬ್ಯಾಡ್ರಿ, ಮಗನಿಗೇ ಕೊಡ್ರಿ. ಆದ್ರ ಕಡೀಗೆ ಕೊಡ್ರಿ. ಮೊದಲ ಚಾಸಿ, ಸ್ಟೇರಿಂಗ್, ಬ್ರೇಕ್, ಇಷ್ಟ ಆಗಲಿ. ಎಂಜಿನ್ ಇಲ್ಲದ ಗಾಡಿ ಮ್ಯಾಲೆ ಅವನ್ನ ಕೂಡ್ರಿಸಿ, ಇಬ್ರು ಕೂಡಿ ಓಡಿಕೋತ ನೂಕ್ರಿ. ಬ್ರೇಕ್ ಒತ್ತಿದ್ರ ಹಿಂದಿನ ಎರಡೂ ಗಾಲಿ ಒಮ್ಮೆಲೇ ಬಿಗೀಬೇಕು, ಗಾಡಿ ಒಂದು ಮಗ್ಗಲಕ್ಕ ಎಳೀಬಾರದು. ಹೊಳ್ಳಿಸಿದ ಸ್ಟೇರಿಂಗ್ ಕೈಬಿಟ್ರ ತಾನಾ ನೆಟ್ಟಗಾಗಬೇಕು. ಅದು ಆಗೂತನಕ ಎಂಜಿನ್ ಆ ಸೊಟ್ಟ ಬೈಕಿನ್ಯಾಗ ಇರಲಿ. ಹುಡುಗರೆಲ್ಲಾ ಎಂಜಿನ್ ಮೊದಲ ಕೂಡ್ರಸ್ತಾರ, ಯಾಕಂದ್ರ ಅದರ ಸಪ್ಪಳ ಕೇಳೂ ಆಸೆ. ಆಮ್ಯಾಲೆ ನೋಡಿದ್ರ ಬ್ರೇಕಿಗೆ ಜಾಗಾನ ಉಳದಿರೂದಿಲ್ಲ, ಎಲ್ಲೋ ಒಂದು ಮೂಲಿಗೆ ತುರಕ್ತಾರ. ನಿಲ್ಲೂದು ಖಾತ್ರಿ ಆದ ಗಾಡಿಗೇ ಓಡೂ ಹಕ್ಕು.

ಮೊದಲನೇದು ಆ ಜಿಐ ಪೈಪ್. ಅದನ್ನ ಬಿಟ್ಟುಬಿಡ್ರಿ. ಮ್ಯಾಲಿನ ಸತುವು ವೆಲ್ಡಿಂಗ್ ಬೆಂಕಿಗೆ ಬಿಳೇ ಹೊಗಿ ಆಗತೈತಿ, ಆ ಹೊಗಿ ಕುಡದ್ರ ಸಂಜೀಕ ಚಳಿಜ್ವರ ಬರತೈತಿ. ಆ ಸತುವು ಕೂಡಿದ ಜೋಡಣಿ ಒಳಗ ತೂತು ಬೀಳ್ತಾವು, ಗಟ್ಟಿ ಇರೂದಿಲ್ಲ. ನೀರಿನ ಪೈಪ್ ನೀರಿಗಷ್ಟ. ಮೋಟಾರು ಗಾಡಿಗಂತನ ಕರೆಂಟ್ ಬೆಸುಗಿ ಹಾಕಿದ ಇಆರ್‌ಡಬ್ಲ್ಯೂ ಟ್ಯೂಬ್ ಬರತೈತಿ, ಐಎಸ್ 3074 ಅಂತ ಕೇಳ್ರಿ, ಒಂದೂಕಾಲು ಇಂಚು, 2 ಮಿ.ಮೀ. ದಪ್ಪ. ಚೌಕ ಪೈಪ್ ಬ್ಯಾಡ. ಕಾರಣ ಮುಂದ ಹೇಳ್ತೀನಿ.

ನಿಮಗ ಲೆಕ್ಕ ಬರತೈತಿ ಅಂದ್ರಿ, ಹಂಗಾರ ವೇಗದ ಲೆಕ್ಕ ನೋಡ್ರಿ. ಸ್ಪ್ಲೆಂಡರ್ ಹಿಂದಿನ ಟಯರ್ 18 ಇಂಚು ರಿಮ್ಮಿಂದು, ಹೊರಗಿನ ವ್ಯಾಸ ಹತ್ತತ್ರ 600 ಮಿ.ಮೀ. ಕಾರ್ಟಿನ ಹಿಂದಿನ ಟಯರ್ 11 ಇಂಚು, ಅಂದ್ರ 279 ಮಿ.ಮೀ. ಬೈಕಿನ ಎರಡೂ ಸ್ಪ್ರಾಕೆಟ್ (ಚೈನ್ ಕೂಡೂ ಹಲ್ಲಿನ ಚಕ್ರ) ಇದ್ದದ್ದನ್ನ ಹಂಗ ಹಾಕಿದ್ರ, ಬೈಕ್ 80 ಓಡೂ ಎಂಜಿನ್ ತಿರುಗಿಗೆ ಕಾರ್ಟ್ 37 ಓಡತೈತಿ. ಅದ ಚೇತಕ್ ಚಕ್ರ ಹಾಕಿದ್ರ? ಅದರ ವ್ಯಾಸ ಸುಮಾರು 430, ಹಂಗಾಗಿ ವೇಗ 57. ನೆಲದಿಂದ ಒಂದು ಗೇಣು ಮ್ಯಾಲೆ ಕುಂತವಗ 37 ಅಂದ್ರನ ಭಾಳ. ಹೊಲದಾಗ, ಕಲ್ಲುಮಣ್ಣಿನ್ಯಾಗ ಓಡಸೂದಿದ್ರ ನಾನೂ ಚೇತಕ್ ಚಕ್ರಾನ ಹಾಕ್ರಿ ಅಂತಿದ್ದೆ, ಸಣ್ಣ ಗಾಲಿ ಗುಂಡ್ಯಾಗ ಬೀಳ್ತಾವು. ನಿಮ್ಮದು ಕಾಂಕ್ರೀಟ್ ಅಂಗಳ. ಕಾರ್ಟ್ ಟಯರ್ ಹಾಕ್ರಿ, ವೇಗಾನೂ ತಗ್ಗತೈತಿ, ಗಾಡಿನೂ ನೆಲಕ್ಕ ಅಂಟಿ ಕೂಡ್ತೈತಿ. ರೊಕ್ಕ ಹೆಚ್ಚು ಬೀಳ್ತೈತಿ, ಖರೆ. ಆ ರೊಕ್ಕಕ್ಕ ಹಿಂದ ಮುಂದ ನೋಡಬ್ಯಾಡ್ರಿ.

ಸಣ್ಣ ಟಯರ್ ಹಾಕಿದಾಗ ಇನ್ನೊಂದು ಅಳತಿ ನೋಡಬೇಕು. ಹಿಂದಿನ ಸ್ಪ್ರಾಕೆಟ್ ಹಲ್ಲು ಎಣಸ್ರಿ. 42 ಇದ್ರ, ಅರ್ಧ ಇಂಚು ಪಿಚ್ಚಿನ (ಕೊಂಡಿಯಿಂದ ಕೊಂಡಿಗೆ ಅಂತರ) ಚೈನಿಗೆ ಅದರ ಪಿಚ್ ವ್ಯಾಸ, ಅಂದ್ರ ಚೈನ್ ಕೂಡೂ ಸುತ್ತಿನ ವ್ಯಾಸ, 170 ಮಿ.ಮೀ. ಚೈನಿನ ದಪ್ಪ ಕೂಡಿಸಿದ್ರ ನೆಲಕ್ಕ ಸುಮಾರು 50 ಮಿ.ಮೀ. ಉಳೀತೈತಿ. ನಡೀತೈತಿ. ಆದ್ರ ಪಲ್ಸರ್ ಮುಂದಿನ ಡಿಸ್ಕ್ 240 ಮಿ.ಮೀ. ಇದ್ರ, ನೆಲಕ್ಕ ಉಳಿಯೂದು 20 ಮಿ.ಮೀ. ಸೈತ ಇಲ್ಲ. ಗೋದಾಮಿನ ಅಂಗಳದಾಗ ಒಂದು ಕಲ್ಲು, ಒಂದು ಬೋಲ್ಟ್ ಬಿದ್ದಿದ್ರ ಡಿಸ್ಕ್ ಬಗ್ಗತೈತಿ, ಆಮ್ಯಾಲೆ ಬ್ರೇಕ್ ಇಲ್ಲ. 200 ಅಥವಾ ಅದಕ್ಕಿಂತ ಸಣ್ಣ ಡಿಸ್ಕ್ ಹುಡಕ್ರಿ, ಕ್ಯಾಲಿಪರ್ (ಡಿಸ್ಕ್ ಹಿಡಿಯೂ ಭಾಗ) ಮ್ಯಾಲಿನ ಬದಿಗೆ ಬರಲಿ. ಹ್ಯಾಂಡಲ್ ಮ್ಯಾಲಿನ ಬ್ರೇಕ್ ಲಿವರ್ ತಂದು ಪೆಡಲಿಗೆ ಕಟ್ಟೂದು ಬ್ಯಾಡ. ಹಿಂದ ಡಿಸ್ಕ್ ಇರೂ ಬೈಕಿನ ಕಾಲುಬ್ರೇಕಿಗೆ ಬ್ಯಾರೆ ಮಾಸ್ಟರ್ ಸಿಲಿಂಡರ್ (ಬ್ರೇಕ್ ಎಣ್ಣಿ ಒತ್ತೂ ಪಂಪ್) ಇರತೈತಿ, ಅದು ಪೆಡಲಿಗೆ ಸರಿ ಕೂಡ್ತೈತಿ.

ಆಕ್ಸಲಿಗೆ ಇಎನ್ 8 ಅನ್ನೂ ಉಕ್ಕಿನ ರಾಡ್, 30 ಮಿ.ಮೀ. ಬೇರಿಂಗ್ ಯುಸಿಪಿ 206, ಅದರ ಒಳವ್ಯಾಸ 30. ಕೀವೇ (ರಾಡಿನ್ಯಾಗ ಕೀ ಕೂಡೂ ಕಾಲುವಿ) 8 ಮಿ.ಮೀ. ಅಗಲ, ಕೀ (ಹಬ್ ಜಾರದಂಗ ಹಿಡಿಯೂ ಉಕ್ಕಿನ ತುಂಡು) 8 ಬೈ 7. ಬೇರಿಂಗಿನ ಗ್ರಬ್ ಸ್ಕ್ರೂ ಮ್ಯಾಲೆ ಅಷ್ಟ ಭರೋಸಾ ಇಡಬ್ಯಾಡ್ರಿ, ಒಂಟಿ ಸಿಲಿಂಡರ್ ಎಂಜಿನ್ನಿನ ನಡಗಕ್ಕ ಅವು ಸಡಲ್ತಾವು. ಎರಡೂ ಕಡೆ ಕಾಲರ್ ಹಾಕಿ ಬಿಗೀರಿ.

ಈಗ ಚೌಕ ಪೈಪಿನ ಮಾತು. ಕಾರ್ಟಿಗೆ ಡಿಫರೆನ್ಶಿಯಲ್ (ತಿರುವಿನ್ಯಾಗ ಎರಡು ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೂ ಗಿಯರ್) ಇಲ್ಲ, ಎರಡೂ ಹಿಂದಿನ ಗಾಲಿ ಒಂದ ರಾಡಿಗೆ ಬಿಗದಿರ್ತಾವು. ತಿರುವಿನ್ಯಾಗ ಒಳಗಿನ ಗಾಲಿ ಕಡಿಮಿ ದೂರ ಹೋಗಬೇಕು, ಆದ್ರ ರಾಡ್ ಬಿಡೂದಿಲ್ಲ. ಅದಕ್ಕ ಖರೇ ಕಾರ್ಟ್ ಏನ್ ಮಾಡತೈತಿ ಅಂದ್ರ, ಚಾಸಿ ಒಂದಿಷ್ಟು ತಿರುಚಿ ಒಳಗಿನ ಹಿಂದಿನ ಗಾಲಿ ನೆಲದಿಂದ ಎತ್ತತೈತಿ. ಅದಕ್ಕ ಸ್ಪ್ರಿಂಗ್ ಇಲ್ಲ, ಚಾಸಿನ ಸ್ಪ್ರಿಂಗ್. ಚೌಕ ಪೈಪ್ ಹಾಕಿ, ಮ್ಯಾಲೆ ನಾಕು ಅಡ್ಡಪಟ್ಟಿ ಬಡದ್ರ ಚಾಸಿ ಬಾಗೂದಿಲ್ಲ, ಸ್ಟೇರಿಂಗ್ ಹೊಳ್ಳಿಸಿದ್ರೂ ಗಾಡಿ ನೆಟ್ಟಗ ಗ್ವಾಡಿ ಕಡೆ ಹೋಗ್ತೈತಿ. ದುಂಡು ಪೈಪ್ ಇರಲಿ, ಕಿಂಗ್‌ಪಿನ್ (ಮುಂಗಾಲಿ ಹೊಳ್ಳಾಕ ಆಧಾರ ಇರೂ ನಿಂತ ಪಿನ್) ಹಿಂದಕ್ಕ 10-12 ಡಿಗ್ರಿ ವಾಲಿರಲಿ. ಸ್ಟೇರಿಂಗ್ ಹೊಳ್ಳಿಸಿದಾಗ ಆ ವಾಲಿನಿಂದನ ಒಳಗಿನ ಮುಂಗಾಲಿ ಕೆಳಗ ಒತ್ತತೈತಿ, ಅದರ ಹಿಂದಿನ ಗಾಲಿ ಮ್ಯಾಲೆ ಏಳತೈತಿ. ಕೈಬಿಟ್ಟ ಸ್ಟೇರಿಂಗ್ ನೆಟ್ಟಗಾಗೂದೂ ಅದರಿಂದನ.

ಕಡೀಗೆ ಎಂಜಿನ್. ಪಿಂಪರಿ ಅಣ್ಣಾರು ಆಕ್ಟಿವಾ ಅಂದ್ರು, ಅವರ ಮಾತಿನ್ಯಾಗ ಹುರುಳೈತಿ. ಬಿಸಿಯ ಮಾತಂತೂ ನೂರಕ್ಕ ನೂರು ಖರೆ: ಕಾರ್ಟ್ 37 ಓಡುವಾಗ ಎಂಜಿನ್ ಬೈಕಿನ 80ರಂಗ ತಿರಗತಿರತೈತಿ, ಗಾಳಿ ಮಾತ್ರ 37ರದ್ದ. ಆದ್ರ ಮನ್ಯಾಗಿನ, ಎಲ್ಲಾರಿಗೂ ಗೊತ್ತಿದ್ದ ಎಂಜಿನ್ ಬಿಟ್ಟು, ಯಾರದೋ ಏನೋ ಅನ್ನೂ ಎಂಜಿನ್ ಬಜಾರಿನಿಂದ ತರೂದು ನನಗ ಸರಿ ಕಾಣೂದಿಲ್ಲ. ಸ್ಪ್ಲೆಂಡರಿನ ಸಿಲಿಂಡರ್ ಬಹುತೇಕ ಅಡ್ಡ ಮಲಗೇತಿ, ಭಾರ ಕೆಳಗ ಉಳೀತೈತಿ, ಕಾರ್ಟಿಗೆ ಇದು ದೊಡ್ಡ ಲಾಭ. 97 ಸಿಸಿ ಅಷ್ಟ. ಸೀಟಿನ ಹಿಂದ ಮುಚ್ಚಿಡಬ್ಯಾಡ್ರಿ. ಸೀಟಿನ ಬಲಮಗ್ಗಲಕ್ಕ, ಆಕ್ಸಲಿಗಿಂತ ಮುಂದ, ಹೆಡ್ಡಿಗೆ ಗಾಳಿ ಬಡಿಯೂಹಂಗ ಕೂಡ್ರಸ್ರಿ. ಚೈನ್ ಎಡಕ್ಕ ಬರೂದ್ರಿಂದ ಸೀಟಿಗೂ ಚೈನಿಗೂ ನಡುವ ದಪ್ಪ ತಗಡಿನ ಗಾರ್ಡ್ ಇರಾಕಬೇಕು. ಎಂಜಿನ್ ಬಿಚ್ಚೂ ಮೊದಲ, ಬೈಕಿನ್ಯಾಗ ಅದು ಎಷ್ಟು ವಾಲೇತಿ ಅಂತ ಫೋನಿನ ಲೆವೆಲ್ ಇಟ್ಟು ಬರಕೊಳ್ರಿ. ಕಾರ್ಟಿನ್ಯಾಗೂ ಅಷ್ಟ ಇರಬೇಕು, ಇಲ್ಲಂದ್ರ ಕಾರ್ಬೊರೇಟರಿನ ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯೂ ತೇಲು) ಕೆಲಸ ಮಾಡೂದಿಲ್ಲ. ಹಿಂದು ಮುಂದಾಗಿ ಕೂಡ್ರಿಸಿದ್ರ ನಾಕೂ ಗಿಯರ್ ರಿವರ್ಸ್ ಆಗ್ತಾವು! ಟಾಕಿ ಸಣ್ಣದು, ಲೋಹದ್ದು ಇರಲಿ. ಕಾರ್ಬೊರೇಟರಿಗಿಂತ ಎತ್ತರಕ್ಕ, ಸೈಲೆನ್ಸರ್ ಕಡಿಂದ ದೂರ. ಸಿಡಿಐ (ಎಂಜಿನ್ನಿಗೆ ಕಿಡಿ ಕೊಡೂ ಡಬ್ಬಿ) ವೈರಿನಿಂದ ಎರಡು ಕಿಲ್ ಸ್ವಿಚ್, ಅಂದ್ರ ಎಂಜಿನ್ ಬಂದ್ ಮಾಡೂ ಸ್ವಿಚ್, ತಗೀರಿ: ಒಂದು ಸ್ಟೇರಿಂಗ್ ಹತ್ರ, ಇನ್ನೊಂದು ಹಿಂದ, ಹೊರಗ ನಿಂತವರ ಕೈಗೆ ಸಿಗೂಹಂಗ. ಆ ಎರಡನೇದು ನಿಮಗಂತನ ಹೇಳೀನಿ ಅಕ್ಕಾರ.

ಡೊಂಬಿವಲಿಯ ಕುಂದಾಪುರ

ಟರ್ನರ್ ಅಣ್ಣ ಯಂತ್ರದ ಕಡೆ ಹೇಳಿದ್ದಾರೆ, ನಾನು ಕಾಗದದ ಕಡೆ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಇಂಥ ಗಾಡಿ ಕಟ್ಟಿದ ತಂಡದಲ್ಲಿ ನಾನೂ ಇದ್ದೆ.

ಅಕ್ಕ, 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಇದಕ್ಕೇ ಇದೆ. ಗಾಡಿ ಇನ್ನು ಎಂದೂ ಬಳಕೆಗೆ ಬಾರದು ಎಂದಾದರೆ ಮಾಲೀಕರು 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಅರ್ಜಿ ಕೊಡಬೇಕಾದವರು ನಿಮ್ಮ ಭಾವನವರು. ಎಂಜಿನ್ ಬಿಚ್ಚುವ ಮೊದಲೇ ಅದನ್ನು ಮುಗಿಸಿ. ರದ್ದಾದ ಕಾಗದದ ಪ್ರತಿ ಮತ್ತು ಎಂಜಿನ್ ನಂಬರಿನ ಫೋಟೊ ಕಾರ್ಟಿನ ಫೈಲಿನಲ್ಲಿ ಇರಲಿ. ನಾಳೆ ಯಾರಾದರೂ ಈ ಎಂಜಿನ್ ಯಾರದ್ದು ಅಂತ ಕೇಳಿದರೆ ಉತ್ತರ ಕೈಯಲ್ಲಿರುತ್ತದೆ.

ಎರಡನೆಯದು ಇದಕ್ಕಿಂತ ಮುಖ್ಯ. ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವ ಹಾಗಿಲ್ಲ, ಹದಿನೆಂಟು ತುಂಬದವರು 50 ಸಿಸಿಗಿಂತ ಹೆಚ್ಚಿನದನ್ನು ಓಡಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 199ಎ ಪ್ರಕಾರ ಅಪ್ರಾಪ್ತರು ತಪ್ಪು ಮಾಡಿದರೆ ಹೊಣೆ ತಂದೆತಾಯಿಯದು: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಆದ್ದರಿಂದ ಸೊಸೈಟಿಯ ಒಳರಸ್ತೆಯಲ್ಲಿ 'ಒಂದೇ ಸುತ್ತು' ಅನ್ನುವುದು ಕೂಡ ಬೇಡ. ನಿಗಡಿಯಿಂದ ತಳೆಗಾಂವ್‌ಗೆ ಟೆಂಪೊದಲ್ಲಿ ಹೇರಿಕೊಂಡು ಹೋಗಿ. ಗೇಟು ಮುಚ್ಚಿದ ಮೇಲೆಯೇ ಎಂಜಿನ್ ಶುರುವಾಗಲಿ.

ಇನ್ನೊಂದು ಮಾತು ಎಲ್ಲ ಹೆಣ್ಣುಮಕ್ಕಳ ಪರವಾಗಿ. ಮಗನ ಜೊತೆ ತಂಗಿ, ಅಕ್ಕ, ಗೆಳತಿಯರು ಕೂರಲು ಬರುತ್ತಾರೆ. ಜಡೆ, ಓಢಣಿ ಹಿಂದಿನ ಆಕ್ಸಲಿಗೆ ಸುತ್ತಿಕೊಂಡು ನಮ್ಮ ದೇಶದ ಬಾಡಿಗೆ ಕಾರ್ಟ್ ಟ್ರ್ಯಾಕುಗಳಲ್ಲೇ ಜೀವ ಹೋಗಿವೆ. ಸೀಟಿನ ಹಿಂದೆ, ಆಕ್ಸಲ್ ಮತ್ತು ಚೈನ್ ಪೂರ್ತಿ ಮುಚ್ಚುವ ತಗಡು ಹಾಕದೆ ಯಾರನ್ನೂ ಕೂರಿಸಬೇಡಿ. ಕೂದಲು ಹೆಲ್ಮೆಟ್ಟಿನ ಒಳಗೆ, ಓಢಣಿ ಮನೆಯಲ್ಲಿ.

ಯಜಮಾನರಿಗೆ ಇದನ್ನೂ ಹೇಳಿ: ಜಗತ್ತಿನ ಮೊದಲ ಗೋ-ಕಾರ್ಟ್ ಕೂಡ ಹೀಗೇ ಹುಟ್ಟಿದ್ದು. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗಲ್ಸ್ ಅದನ್ನು ಕಟ್ಟಿದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಹಾಕಿ. ಆದರೆ ಆತ ರೇಸ್ ಕಾರು ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನು, ಕೈ ಪಳಗಿತ್ತು. ನಿಮ್ಮ ಮಗನಿಗೂ ಪಕ್ಕದಲ್ಲಿ ಒಬ್ಬ ಪಳಗಿದ ಕೈಯವರು ಬೇಕು, ವೆಲ್ಡಿಂಗ್ ವಿಷಯದಲ್ಲಂತೂ ಖಂಡಿತ. ಅವನು ಟ್ಯಾಕ್ (ಪೈಪ್ ಜಾಗದಲ್ಲಿ ನಿಲ್ಲಿಸುವ ಚುಕ್ಕಿ ಬೆಸುಗೆ) ಹಾಕಲಿ, ಪೂರ್ತಿ ವೆಲ್ಡ್ ಅನುಭವಿಗಳು ಮಾಡಲಿ.

ನಿಗಡಿ ಧಾರವಾಡ

ಎಲ್ಲರ ಉತ್ತರವನ್ನೂ ಮಗನಿಗೆ ಓದಿ ಹೇಳಿದೆ, ಯಜಮಾನರೂ ಪಕ್ಕದಲ್ಲಿ ಕೂತು ಕೇಳಿದರು. ಅವರು ಒಪ್ಪಿದ್ದು ಆ ನೂಕಿ ನೋಡುವ ಮಾತಿಗೆ. ಎಂಜಿನ್ ಇಲ್ಲದ ಗಾಡಿಯಾದರೆ ನಾನೇ ನೂಕುತ್ತೇನೆ ಅಂದಿದ್ದಾರೆ. ಭಾವನವರಿಗೂ ಫೋನ್ ಮಾಡಿ ಆರ್‌ಸಿ ವಿಷಯ ಹೇಳಿದ್ದೇನೆ, ಮುಂದಿನ ವಾರ ಬಂದು ಅರ್ಜಿ ಕೊಡುತ್ತಾರೆ. ಜಿಐ ಪೈಪ್ ವಾಪಸ್ ಸೊಸೈಟಿಗೆ.

ಟರ್ನರ್ ಅಣ್ಣಾರ, ಮಗನ ಎರಡು ಪ್ರಶ್ನೆ. ಒಂದೇ ಹಿಂದಿನ ಚಕ್ರಕ್ಕೆ ಚೈನ್ ಕೊಟ್ಟು ಇನ್ನೊಂದನ್ನು ಬೇರಿಂಗ್ ಮೇಲೆ ಬಿಟ್ಟರೆ ತಿರುವಿನ ತೊಂದರೆಯೇ ಇರುವುದಿಲ್ಲವಲ್ಲ, ಚಾಸಿ ಯಾಕೆ ಬಾಗಬೇಕು ಅನ್ನುತ್ತಾನೆ. ಎರಡನೆಯದು, ಮಾರುತಿ ಸ್ಟೇರಿಂಗ್ ಬಗ್ಗೆ ನೀವು ಏನೂ ಹೇಳಲಿಲ್ಲ.

ಭೋಸರಿ ಟರ್ನರ್

ಹುಡುಗನ ತಲಿ ಚಲೋ ಓಡತೈತಿ, ಅಕ್ಕಾರ. ಒಂದ ಗಾಲಿಗೆ ಶಕ್ತಿ ಕೊಟ್ರ ತಿರುವು ಖರೇನ ಸಲೀಸ ಆಗತೈತಿ. ಆದ್ರ ಬ್ರೇಕ್ ಎಲ್ಲೈತಿ ಅಂತ ಅವನ್ನ ಕೇಳ್ರಿ. ಡಿಸ್ಕ್ ಇರೂದು ಆಕ್ಸಲ್ ಮ್ಯಾಲೆ. ಒಂದು ಗಾಲಿ ಸಡಲ ಬಿಟ್ರ ಬ್ರೇಕ್ ಒಂದ ಗಾಲಿಗೆ ಹಿಡೀತೈತಿ, ಗಾಡಿ ಗರ್ರನ ಹೊಳ್ಳತೈತಿ. ಹಂಗ ಮಾಡೂದಾದ್ರ ಮುಂದಿನ ಎರಡೂ ಗಾಲಿಗೆ ಬ್ಯಾರೆ ಬ್ರೇಕ್ ಬೇಕು, ಮೊದಲನೇ ಗಾಡಿಗೆ ಅಷ್ಟು ತೊಡಕು ಬ್ಯಾಡ. ಎರಡೂ ಗಾಲಿ ಬಿಗದಿರಲಿ.

ಮಾರುತಿ ಸ್ಟೇರಿಂಗ್ ಬ್ಯಾಡ. ಅದು ಕಾರಿನ ಭಾರಕ್ಕ ಮಾಡಿದ್ದು, ಗಾಲಿ ಪೂರ್ತಿ ಹೊಳ್ಳಬೇಕಂದ್ರ ಭಾಳ ಸುತ್ತು ತಿರುವಬೇಕು. ಕಾರ್ಟಿನ್ಯಾಗ ಕೈ ಅರ್ಧ ಸುತ್ತು ಹೋಗೂದ್ರಾಗ ತಿರುವು ಮುಗದಿರಬೇಕು. ಸ್ಟೇರಿಂಗ್ ರಾಡಿನ ತಳಕ್ಕ ಒಂದು ಪಟ್ಟಿ ವೆಲ್ಡ್ ಮಾಡಿ, ಅದರಿಂದ ಎರಡು ಟೈ ರಾಡ್ ನೇರ ಗಾಲಿಗೆ. ಗಾಲಿ ಕಡೆ ತೋಳು ಎಷ್ಟು ಒಳಗ ಬಾಗಿರಬೇಕು ಅನ್ನಾಕ ದಾರ ಹಿಡೀರಿ: ಕಿಂಗ್‌ಪಿನ್ ನಡುವಿಂದ ಹಿಂದಿನ ಆಕ್ಸಲಿನ ನಟ್ಟನಡುವಿಗೆ ದಾರ ಎಳದ್ರ, ಟೈ ರಾಡಿನ ತುದಿ ಆ ದಾರದ ಮ್ಯಾಲೆ ಬರಬೇಕು. ಎರಡೂ ಬದಿಗೆ ಹಂಗ. ಇದಕ್ಕ ಆಕರ್ಮನ್ ಅಂತಾರ, ತಿರುವಿನ್ಯಾಗ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ಹೊಳ್ಳಾಕ.

ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಉದ್ದ 1,050 ಮಿ.ಮೀ. ಇಟ್ಕೊಳ್ರಿ, ಅಗಲ ಅದರ ಮೂರರಾಗ ಎರಡು ಪಾಲಿಗಿಂತ ಕಡಿಮಿ ಬ್ಯಾಡ, ಅಂದ್ರ 700 ಮ್ಯಾಲೆ. ಸ್ಟೇರಿಂಗಿನ ಯಾವ ಬೋಲ್ಟಿಗೂ ಸಾದಾ ನಟ್ ನಡ್ಯಾಂಗಿಲ್ಲ. 8.8 ಗ್ರೇಡ್ ಬೋಲ್ಟ್, ತಾನಾ ಸಡಲದ ನೈಲಾಕ್ ನಟ್, ಕಿಂಗ್‌ಪಿನ್ನಿಗೆ ಸ್ಪ್ಲಿಟ್ ಪಿನ್. ಸ್ಟಬ್ ಆಕ್ಸಲಿನ (ಮುಂಗಾಲಿ ಕೂಡೂ ತುಂಡು ಆಕ್ಸಲ್) ಡ್ರಾಯಿಂಗ್ ಇಲ್ಲೇ ಹಾಕಾಕ ಹೇಳ್ರಿ. ಅಳತಿ ನೋಡಿ ಹೇಳ್ತೀನಿ, ಆಮ್ಯಾಲೆ ರಾಡ್ ಕತ್ತರಿಸಲಿ.